ಸ್ಯಾಮ್ ಕಥೆ ಗೊತ್ತು, ಪಕ್ಕದಲ್ಲಿದ್ದವರದ್ದು ಹೇಳಿ

ನಮಸ್ಕಾರ,

ನಿಮ್ಮ 'ದಾನದ ಹೆಸರಲ್ಲಿ ದರೋಡೆ' ಲೇಖನವನ್ನು ಎರಡು ಸಲ ಓದಿದೆ. ಲೆಕ್ಕ ಹಾಕಿ ದಾನ ಮಾಡಬೇಕು ಅನ್ನುವ ಎಫೆಕ್ಟಿವ್ ಆಲ್ಟ್ರೂಯಿಸಂ ಚಳವಳಿಗೂ ಕ್ರಿಪ್ಟೊ ಕುಬೇರ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ಗೂ ಇದ್ದ ನಂಟಿನ ಬಗ್ಗೆ ಬರೆದಿದ್ದೀರಿ. ವಿಷಯ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ.

ಹನ್ನೆರಡು ಪುಟದಲ್ಲಿ ಒಂಬತ್ತು ಪುಟ ಸ್ಯಾಮ್‌ಗೇ ಹೋಗಿದೆ. ಕೆದರಿದ ಕೂದಲು, ಚಡ್ಡಿ, ಬೀನ್‌ಬ್ಯಾಗ್ ಮೇಲೆ ನಿದ್ದೆ, ಟೊಯೋಟಾ ಕೊರೊಲಾ ಕಾರು. ಇದನ್ನೆಲ್ಲ ಬರೆಯದವರು ಯಾರೂ ಉಳಿದಿಲ್ಲ. ಅದೂ ಕೊರೊಲಾ ಹೇಳಿ, ಬಹಾಮಾಸ್‌ನ ಸುಮಾರು 3 ಕೋಟಿ ಡಾಲರ್ ಪೆಂಟ್‌ಹೌಸ್ ಬಿಟ್ಟರೆ ಹೇಗೆ? ದುಬಾರಿ ಕಾರು ಬಿಟ್ಟು ಕೊರೊಲಾ ಹಿಡಿದದ್ದೇ ಜನರ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ, ಎಂದು ಆತನ ಜೊತೆಗಿದ್ದ ಕ್ಯಾರೊಲಿನ್ ಎಲಿಸನ್ ನ್ಯಾಯಾಲಯದಲ್ಲಿ ಹೇಳಿದ್ದಾರೆ. ನೀವು ಅದನ್ನು 'ಸರಳ ಜೀವನ' ಅಂದುಬಿಟ್ಟಿದ್ದೀರಿ. ಆತ ಬೇಡಿದ್ದೂ ಅದನ್ನೇ, ಅಲ್ವಾ?

ತಪ್ಪುಗಳನ್ನು ಬೇಗ ಮುಗಿಸುತ್ತೇನೆ. ಶಿಕ್ಷೆ 110 ವರ್ಷ ಅಲ್ಲ. 2023ರ ನವೆಂಬರ್‌ನಲ್ಲಿ ಸ್ಯಾಮ್ ಮೇಲಿನ ವಂಚನೆ, ಸಂಚಿನ ಏಳೂ ಆರೋಪ ಸಾಬೀತಾದವು, 2024ರ ಮಾರ್ಚ್‌ನಲ್ಲಿ 25 ವರ್ಷ ಶಿಕ್ಷೆ ಆಯಿತು. ಇನ್ನು, ಚಳವಳಿ ಕಟ್ಟಿದವರಲ್ಲಿ ಒಬ್ಬರಾದ ವಿಲಿಯಂ ಮ್ಯಾಕ್‌ಆಸ್ಕಿಲ್ ಎಂಐಟಿಯಲ್ಲಿ ಆತನ ಮೇಷ್ಟ್ರಾಗಿರಲಿಲ್ಲ. 2012ರಲ್ಲಿ ಅಲ್ಲಿಗೆ ಬಂದಿದ್ದ ಆಕ್ಸ್‌ಫರ್ಡ್‌ನವರು, ಆಗಿನ್ನೂ 25ರ ಆಸುಪಾಸಿನ ಹುಡುಗ. ಊಟಕ್ಕೆ ಸಿಕ್ಕ 20ರ ವಿದ್ಯಾರ್ಥಿ ಸ್ಯಾಮ್‌ಗೆ ಇವರು ಹೇಳಿದ್ದು ಇಷ್ಟು: ನಿನಗೆ ಲೆಕ್ಕ ಬರುತ್ತೆ, ಜಾಸ್ತಿ ದುಡ್ಡು ಸಿಗುವ ಕೆಲಸ ಹಿಡಿ, ದುಡಿದದ್ದನ್ನು ಕೊಡು. ಈ ಊಟ ನಿಮ್ಮಲ್ಲಿ ಒಂದೇ ಸಾಲು. ಒಂದು ಪುಟ ಕೊಡಿ. ಮುಂದಿನದೆಲ್ಲ ಹೊರಟದ್ದೇ ಆ ಮೇಜಿನಿಂದ.

ನನ್ನ ದೊಡ್ಡ ತಕರಾರು ಬೇರೆ. 'ಕೋಟಿಗಟ್ಟಲೆ ದುಡ್ಡು ಕಂಡು ಚಳವಳಿ ಕುರುಡಾಯಿತು' ಅಂತ ಬರೆದಿದ್ದೀರಿ. ಅದು ಅರ್ಧ ಕಥೆ. ಸ್ಯಾಮ್ ದುಡ್ಡು ಕೊಟ್ಟ, ಸರಿ. ಚಳವಳಿಯವರು ಏನು ಕೊಟ್ಟರು? ಅದನ್ನು ನೀವು ಕೇಳಿಯೇ ಇಲ್ಲ.

2022ರ ಮಾರ್ಚ್ ನೋಡಿ. ಟ್ವಿಟರ್ ಮೇಲೆ ಎಲಾನ್ ಮಸ್ಕ್ ಕಣ್ಣಿಟ್ಟಿದ್ದ ಸಮಯ. ಸ್ಯಾಮ್‌ಗೂ ಅದರಲ್ಲಿ ಆಸಕ್ತಿ ಇದೆ, ಮಾತಾಡಿಸಲಾ ಅಂತ ಮ್ಯಾಕ್‌ಆಸ್ಕಿಲ್ ಮಸ್ಕ್‌ಗೆ ಮೆಸೇಜ್ ಹಾಕುತ್ತಾರೆ. ಭಾರೀ ದುಡ್ಡಿದೆಯಾ ಅಂತ ಮಸ್ಕ್ ಕೇಳುತ್ತಾನೆ. ಭಾರೀ ಅಂದರೆ ಎಷ್ಟು ಅನ್ನೋದರ ಮೇಲೆ ಹೋಗುತ್ತೆ, ಆಸ್ತಿ 2,400 ಕೋಟಿ ಡಾಲರ್ ಅನ್ನುತ್ತಾರೆ ಇವರು. ಆತನಿಗೆ ನೀವು ಜಾಮೀನಾ ಅನ್ನುವ ಅರ್ಥದಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಖಂಡಿತಾ ಅನ್ನುತ್ತಾರೆ. ಮಸ್ಕ್–ಟ್ವಿಟರ್ ಮೊಕದ್ದಮೆಯಿಂದಾಗಿ ಈ ಮೆಸೇಜುಗಳು ಸೆಪ್ಟೆಂಬರ್ ಕೊನೆಗೆ ಹೊರಬಿದ್ದವು. ನವೆಂಬರ್ 11ಕ್ಕೆ ಸ್ಯಾಮ್‌ನ ಕ್ರಿಪ್ಟೊ ವಿನಿಮಯ ಕಂಪನಿ ಎಫ್‌ಟಿಎಕ್ಸ್ ದಿವಾಳಿ. ಸುಮಾರು 800 ಕೋಟಿ ಡಾಲರ್ ಗ್ರಾಹಕರ ಹಣ ಇರಬೇಕಾದ ಕಡೆ ಇರಲಿಲ್ಲ.

ಲೇಖನ ಶುರುವಾಗಬೇಕಾದದ್ದು ಈ ಮೆಸೇಜಿನಿಂದ. ಇವರು ಕೊಟ್ಟದ್ದು ತಮ್ಮ ಹೆಸರು. ಆಕ್ಸ್‌ಫರ್ಡ್‌ನ ತತ್ವಶಾಸ್ತ್ರಜ್ಞರೊಬ್ಬರು ಒಳ್ಳೆಯವನು ಅಂದಮೇಲೆ ಖಾತೆ ಪುಸ್ತಕ ತೆಗೆಸಿ ನೋಡುವವರು ಯಾರು?

ಗುಮಾನಿಯೇ ಇರಲಿಲ್ಲ ಅನ್ನಲೂ ಬರುವುದಿಲ್ಲ. 2018ರ ಆರಂಭದಲ್ಲೇ ಸ್ಯಾಮ್‌ನ ಕ್ರಿಪ್ಟೊ ವ್ಯಾಪಾರದ ಕಂಪನಿ ಅಲಮೀಡಾದಿಂದ ಒಂದು ಗುಂಪು ಎದ್ದು ಹೋಗಿತ್ತು. ಅವರಲ್ಲಿ ಚಳವಳಿಯವರೇ ಇದ್ದರು. ಚಳವಳಿಯ ಮುಂದಾಳುಗಳಿಗೆ ಆಗಲೇ ಎಚ್ಚರಿಕೆ ಹೋಗಿತ್ತು ಅಂತ 2023ರ ಮಾರ್ಚ್‌ನಲ್ಲಿ ಟೈಮ್ ಪತ್ರಿಕೆ ಬರೆಯಿತು. ಇದು ನಿಮ್ಮಲ್ಲಿ ಹತ್ತನೇ ಪುಟದ ಆವರಣದೊಳಗೆ ಕೂತಿದೆ. ಆವರಣ ಒಡೆದು ಹೊರಗೆ ತನ್ನಿ. ಸುಮ್ನೆ ಬೈಯಬೇಡಿ. ಕೇಳಿಯೂ ಯಾಕೆ ಸುಮ್ಮನಿದ್ದರು ಅಂತ ಅವರ ಜಾಗದಲ್ಲಿ ಕೂತು ಯೋಚಿಸಿ. ಜೊತೆಗಾರರು ಜಗಳ ಆಡಿಕೊಂಡು ಬೇರೆಯಾದಾಗ ಯಾರ ಮಾತು ನಂಬೋದು? ಅಷ್ಟರಲ್ಲಿ ಒಬ್ಬರ ಜೇಬು ತುಂಬುತ್ತಾ ಹೋದರೆ? ನಿಮ್ಮ ಲೇಖನದ ಜೀವ ಇಲ್ಲಿದೆ.

'ಇಡೀ ಚಳವಳಿಯೇ ನಾಟಕ' ಅನ್ನೋ ಮಾತು ನಾನು ಒಪ್ಪುವುದಿಲ್ಲ. ಆದಾಯದ ಶೇ 10 ಕೊಡುತ್ತೇವೆ ಅಂತ 2009ರಿಂದ ಜನ ಮಾತು ಕೊಡುತ್ತಾ ಬಂದಿದ್ದಾರೆ. ಅದರಲ್ಲಿ ಸಂಬಳದವರು ಬೇಕಾದಷ್ಟಿದ್ದಾರೆ. ಮಲೇರಿಯಾ ತಡೆಯುವ ಸೊಳ್ಳೆಪರದೆಗೆ ಹೋದ ದುಡ್ಡು ಸುಳ್ಳಲ್ಲ. ಫೇಸ್‌ಬುಕ್ ಸಹಸ್ಥಾಪಕ ಡಸ್ಟಿನ್ ಮಾಸ್ಕೊವಿಟ್ಜ್ ಮತ್ತು ಪತ್ನಿ ಕ್ಯಾರಿ ಟೂನಾ ಸ್ಯಾಮ್‌ಗಿಂತ ಮುಂಚಿನಿಂದಲೂ ದೊಡ್ಡ ಮೊತ್ತ ಕೊಡುತ್ತಿದ್ದವರು. ಅವರ ಹೆಸರೇ ನಿಮ್ಮಲ್ಲಿ ಇಲ್ಲ! ಅವರನ್ನು ತಂದರೆ ಪ್ರಶ್ನೆ ಇನ್ನೂ ಚುರುಕಾಗುತ್ತದೆ: ಲೆಕ್ಕಾಚಾರದಲ್ಲಿ ಪಳಗಿದ ಚಳವಳಿ ಒಂದೆರಡು ಜೇಬುಗಳನ್ನು ಯಾಕೆ ಅಷ್ಟು ನೆಚ್ಚಿಕೊಂಡಿತು?

ಕೊನೆಗೆ 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಅಂತ ಗಾದೆ ಅಂಟಿಸಿದ್ದೀರಿ. ತೆಗೆಯಿರಿ. ಇಲ್ಲಿ ಮಾನ ಹೋದದ್ದು ಆನೆಗೇ.

'ಪರಿಣಾಮಕಾರಿ ಪರಹಿತವಾದ' ಅನ್ನೋ ಪದವೂ ಬೇಡ, ಓದುವಾಗ ನನಗೇ ಉಸಿರು ಕಟ್ಟಿತು. ಇಂಗ್ಲಿಷ್ ಹೆಸರೇ ಇರಲಿ. ಕೊಟ್ಟ ದುಡ್ಡಿನಿಂದ ಎಷ್ಟು ಒಳ್ಳೆಯದಾಗುತ್ತೆ ಅಂತ ಲೆಕ್ಕ ಹಾಕಿ ಕೊಡುವವರು ಅಂತ ಒಂದು ಸಲ ಬಿಡಿಸಿ ಹೇಳಿದರೆ ಸಾಕು.

ಎಫ್‌ಟಿಎಕ್ಸ್‌ನ ದಾನದ ನಿಧಿ ಫ್ಯೂಚರ್ ಫಂಡ್‌ನ ಅನುದಾನ ನಂಬಿ ಕೂತವರ ಬಗ್ಗೆ ಬರೆದ ಪ್ಯಾರಾ ಮಾತ್ರ ಮುಟ್ಟಬೇಡಿ. ಫಂಡ್ ನಡೆಸುತ್ತಿದ್ದವರು ನವೆಂಬರ್ 10ರಂದು ರಾಜೀನಾಮೆ ಕೊಟ್ಟಾಗ, ಬಂದ ದುಡ್ಡು ಖರ್ಚು ಮಾಡೋದಾ ಇಟ್ಟುಕೊಳ್ಳೋದಾ ಅಂತ ತಿಳಿಯದೆ ಕೂತವರ ಚಿತ್ರ ಚೆನ್ನಾಗಿ ಬಂದಿದೆ. ಚಳವಳಿಯದೇ ಆದ ಎಫೆಕ್ಟಿವ್ ವೆಂಚರ್ಸ್ ಸಂಸ್ಥೆ, ಎಫ್‌ಟಿಎಕ್ಸ್ ಕಡೆಯಿಂದ ಬಂದಿದ್ದ ದುಡ್ಡಿನಲ್ಲಿ ಆಮೇಲೆ 2.67 ಕೋಟಿ ಡಾಲರ್‌ಗೂ ಜಾಸ್ತಿ ವಾಪಸ್ ಕೊಡಲು ಒಪ್ಪಿದ್ದನ್ನು ಅದಕ್ಕೆ ಸೇರಿಸಿ. ಸ್ಯಾಮ್‌ನನ್ನು ಎರಡು ಪುಟಕ್ಕೆ ಇಳಿಸಿ, ಇನ್ನೊಮ್ಮೆ ಕಳಿಸಿ.

ಇಂತಿ,
ಸಂಪಾದಕ