ತಂದೆಯ ಬ್ಯಾಟಿನ ಮೇಲೆ ಹೊಸ ಸಹಿ ಹಾಕಿಸಬಹುದೇ?

ಪ್ರಶ್ನೆ: ನನ್ನ ತಂದೆ ಕಾಲೇಜು ತಂಡದಲ್ಲಿ ಆಡುತ್ತಿದ್ದಾಗ ಬಳಸಿದ ಕ್ರಿಕೆಟ್ ಬ್ಯಾಟು ನಮ್ಮಲ್ಲಿದೆ. ಅದರ ಮುಖದ ಮೇಲೆ ಆ ಕಾಲದ ಮೂವರು ಆಟಗಾರರ ಹಸ್ತಾಕ್ಷರಗಳಿವೆ. ತಂದೆ ತೀರಿಕೊಂಡು ಎರಡು ವರ್ಷವಾಯಿತು. ನಾನು ಮೆಚ್ಚುವ ಆಟಗಾರರ ಸಹಿಗಳನ್ನೂ ಅದೇ ಬ್ಯಾಟಿನ ಮೇಲೆ ಹಾಕಿಸಿಕೊಳ್ಳಬಹುದೇ? ಯಾವ ಪೆನ್ನು ಒಳ್ಳೆಯದು?

ಉತ್ತರ: ಹಾಕಿಸಿಕೊಳ್ಳಬಹುದು, ಆದರೆ ಎಲ್ಲರ ಸಹಿಯನ್ನೂ ಅಲ್ಲ. ನಿಮ್ಮ ತಂದೆ ಯಾರ ಆಟವನ್ನು ನಿಮ್ಮೊಡನೆ ಕುಳಿತು ನೋಡುತ್ತಿದ್ದರೋ, ಯಾರ ಬಗ್ಗೆ ಮನೆಯಲ್ಲಿ ಮಾತಾಡುತ್ತಿದ್ದರೋ, ಅಂಥವರ ಸಹಿಗೆ ಈ ಬ್ಯಾಟಿನಲ್ಲಿ ಜಾಗವಿದೆ ಎಂದು ನನಗನ್ನಿಸುತ್ತದೆ. ನೀವೊಬ್ಬರೇ ಮೆಚ್ಚಿಕೊಂಡವರಿಗಾಗಿ ಹೊಸ ಬ್ಯಾಟೊಂದನ್ನು ತೆಗೆದಿಡಿ. ಹಳೆಯ ಸಹಿಗಳಿರುವ ಮುಖವನ್ನು ಹಾಗೆಯೇ ಬಿಟ್ಟು, ಹೊಸದನ್ನು ಬೆನ್ನಿನ ಏಣಿನ ಎರಡೂ ಬದಿಯ ಇಳಿಜಾರಿನಲ್ಲಿ ಹಾಕಿಸಿ. ಜಾಗ ಸಾಲದೆಂದು ಮುಖದ ಮೇಲಿನ ಚೆಂಡಿನ ಕೆಂಪು ಗುರುತುಗಳನ್ನು ಮರಳು ಕಾಗದದಿಂದ ಉಜ್ಜಿ ತೆಗೆಯುವ ಯೋಚನೆ ಬೇಡವೇ ಬೇಡ. ಅವು ನಿಮ್ಮ ತಂದೆ ಹೊಡೆದ ಚೆಂಡುಗಳು. ಸಹಿ ಹಾಕಿದವರು ಎಷ್ಟೇ ದೊಡ್ಡವರಾಗಲಿ, ಈ ಬ್ಯಾಟಿನ ಮಟ್ಟಿಗೆ ಅವರು ಆಮೇಲೆ ಬಂದವರು.

ಹಳೆಯ ಬ್ಯಾಟಿನಲ್ಲಿ ನಿಜವಾದ ತೊಡಕೆಂದರೆ ಎಣ್ಣೆ. ವಿಲ್ಲೋ ಮರ ಒಣಗಿ ಸೀಳದಿರಲೆಂದು ಆಡುವವರು ವರ್ಷ ವರ್ಷವೂ ಅಗಸೆ ಎಣ್ಣೆ ಸವರುತ್ತಿದ್ದರು. ಆ ಎಣ್ಣೆ ಕುಡಿದ ಮರದ ಮೇಲೆ ಶಾಯಿ ಒಂದೋ ಹಿಡಿಯುವುದಿಲ್ಲ, ಇಲ್ಲವೇ ಮರದ ಎಳೆಗುಂಟ ಹರಡಿಕೊಂಡು ಅಕ್ಷರಕ್ಕೆ ಮೀಸೆ ಮೂಡಿಸುತ್ತದೆ. ಆದ್ದರಿಂದ ಯಾವ ಆಟಗಾರರ ಬಳಿಗೂ ಹೋಗುವ ಮೊದಲು ಬ್ಯಾಟಿನ ತುದಿಯಲ್ಲಿ, ನೆಲಕ್ಕೆ ತಾಗುವ ಮೂಲೆಯಲ್ಲಿ, ನೀವು ಕೊಂಡೊಯ್ಯಲಿರುವ ಪೆನ್ನಿನಿಂದಲೇ ಒಂದು ಸಣ್ಣ ಗೆರೆ ಎಳೆದು, ಒಂದು ದಿನ ಬಿಟ್ಟು ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ. ಗೆರೆ ಕದಲದೆ, ಹರಡದೆ ನಿಂತರೆ ಸರಿ. ಮುಖಕ್ಕೆ ಅಂಟಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿದ್ದರೆ ಅದರ ಮೇಲೆ ಸಹಿ ಪಡೆಯಬೇಡಿ; ವಯಸ್ಸಾದಂತೆ ಹಾಳೆ ಅಂಚಿನಿಂದ ಏಳುತ್ತದೆ, ಸಹಿಯೂ ಅದರೊಡನೆ ಹೋಗುತ್ತದೆ. ಸಹಿಯಾದ ಮೇಲೆ ಆ ಬದಿಗೆ ಮತ್ತೆಂದೂ ಎಣ್ಣೆ ಹಚ್ಚಬಾರದು.

ಪೆನ್ನಿನ ವಿಷಯದಲ್ಲಿ ಬಹಳ ಮಂದಿ ಎಡವುವುದು ಶಾಯಿಯ ಜಾತಿಯನ್ನು ನೋಡದೆ ಇರುವುದರಿಂದ. ಸಾಮಾನ್ಯ ಪರ್ಮನೆಂಟ್ ಮಾರ್ಕರುಗಳಲ್ಲಿರುವುದು ಕರಗಿದ ಬಣ್ಣ. ಹಾಕಿದ ದಿನ ಕಣ್ಣಿಗೆ ಹಬ್ಬವೆನಿಸಿದರೂ ಬೆಳಕಿಗೆ ಬಲುಬೇಗ ಸೋಲುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ಸಣ್ಣ ಕಣಗಳಾಗಿರುವುದರಿಂದ ಅದು ಬೆಳಕನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತದೆ. ಮರಕ್ಕೆ ತೆಳು ಮೊನೆಯ ಕಪ್ಪು ಪಿಗ್ಮೆಂಟ್ ಮಾರ್ಕರನ್ನೇ ಆರಿಸಿ. ಕೆಂಪು ಚೆಂಡಿನ ಮೆರುಗಿನ ಮೇಲೆ ಕಪ್ಪು ಕಾಣುವುದಿಲ್ಲವಾದ್ದರಿಂದ ಅಲ್ಲಿ ಬೆಳ್ಳಿ ಬಣ್ಣದ ಪೇಂಟ್ ಪೆನ್ನು ಬೇಕು. ಬೇಸ್‌ಬಾಲಿನ ಬಿಳಿ ತೊಗಲಿನ ಮೇಲಾದರೆ ಮಾರ್ಕರ್ ಹರಡುತ್ತದೆಂದು ಸಂಗ್ರಾಹಕರು ನೀಲಿ ಬಾಲ್‌ಪೆನ್ನನ್ನೇ ಕೊಡುತ್ತಾರೆ. ಪೇಂಟ್ ಪೆನ್ನನ್ನು ಚೆನ್ನಾಗಿ ಕುಲುಕಿ, ಕಾಗದದ ಮೇಲೆ ನಾಲ್ಕು ಗೆರೆ ಎಳೆದು, ಮೊದಲ ದಪ್ಪ ಹನಿ ಅಲ್ಲೇ ಇಳಿದುಹೋದ ಮೇಲೆ ಆಟಗಾರರ ಕೈಗೆ ಕೊಡಿ. ಆ ಹನಿ ಸಹಿಯ ಮೊದಲ ಅಕ್ಷರದ ಮೇಲೆ ಬಿದ್ದರೆ ಅದಕ್ಕೆ ಪರಿಹಾರವಿಲ್ಲ.

ಪ್ರಶ್ನೆ: ಗೋಡೆಯ ಮೇಲೆ ತೂಗುಹಾಕಿದ ಜೆರ್ಸಿಯ ಸಹಿ ಮಸುಕಾಗಿದೆ. ಅದೇ ಬಣ್ಣದ ಪೆನ್ನಿನಿಂದ ಅದರ ಮೇಲೆಯೇ ತಿದ್ದಬಹುದೇ?

ಉತ್ತರ: ದಯವಿಟ್ಟು ತಿದ್ದಬೇಡಿ. ಮಸುಕಾದರೂ ಈಗ ಇರುವುದು ಆ ಆಟಗಾರರ ಕೈಬರಹ. ತಿದ್ದಿದ ಮೇಲೆ ಉಳಿಯುವುದು ನಿಮ್ಮದು. ಇದೇ ನೋವನ್ನು ನಾನೂ ಉಂಡಿದ್ದೇನೆ. ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದ ಪುಟ್ಟ ಬ್ಯಾಟಿನ ನೀಲಿ ಸಹಿ ಕೆಲವೇ ವರ್ಷಗಳಲ್ಲಿ ಬೂದಿಬಣ್ಣಕ್ಕೆ ತಿರುಗಿತು, ಚೌಕಟ್ಟಿನ ಅಂಚಿನ ನೆರಳು ಬೀಳುತ್ತಿದ್ದ ಕೊನೆಯ ಎರಡು ಅಕ್ಷರಗಳು ಮಾತ್ರ ಮೊದಲಿನ ನೀಲಿಯಲ್ಲೇ ಉಳಿದವು. ಬೆಳಕಿನ ಹಾನಿ ದಿನದಿನವೂ ಕೂಡುತ್ತ ಹೋಗುತ್ತದೆ, ಕತ್ತಲಲ್ಲಿ ಇಟ್ಟರೂ ಹೋದ ಬಣ್ಣ ಮರಳುವುದಿಲ್ಲ. ಬಟ್ಟೆ, ಕಾಗದದಂಥ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು ಇದಕ್ಕಾಗಿಯೇ. ನೇರಳಾತೀತ ಕಿರಣ ತಡೆಯುವ ಗಾಜು ಸಹಾಯ ಮಾಡುತ್ತದೆ, ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ತಿನ್ನುವುದರಿಂದ ಅದೊಂದೇ ಸಾಲದು. ಜೆರ್ಸಿಯನ್ನು ಕೆಳಗಿಳಿಸಿ, ಆಮ್ಲರಹಿತ ಕಾಗದದ ನಡುವೆ ಮಡಿಕೆ ಸಹಿಯ ಮೇಲೆ ಬಾರದಂತೆ ಇಟ್ಟು, ಗೋಡೆಗೆ ಅದರ ಒಳ್ಳೆಯ ಛಾಯಾಚಿತ್ರವೊಂದನ್ನು ಹಾಕಿ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಚೀಲದೊಳಗೆ ಮಾತ್ರ ಇಡಬೇಡಿ, ಅದು ಶಾಯಿಯನ್ನು ಕೆಡಿಸುತ್ತದೆ.

ಪ್ರಶ್ನೆ: ಇಡೀ ತಂಡದ ಸಹಿಗಳಿರುವ ಬ್ಯಾಟೊಂದನ್ನು ಕೊಂಡಿದ್ದೇನೆ. ಪ್ರಮಾಣಪತ್ರವೂ ಇದೆ. ಅಸಲಿಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಭೂತಗನ್ನಡಿ ಹಿಡಿದು ನೋಡಿ. ಮುದ್ರಿಸಿದ ಸಹಿಯಾದರೆ ಗೆರೆಯ ಉದ್ದಕ್ಕೂ ಬಣ್ಣ ಒಂದೇ ಸಮನಾಗಿ, ಕೆಲವೊಮ್ಮೆ ಸಣ್ಣ ಚುಕ್ಕೆಗಳಾಗಿ ಕಾಣುತ್ತದೆ. ಕೈಯಿಂದ ಬರೆದದ್ದಾದರೆ ಗೆರೆಗಳು ಒಂದನ್ನೊಂದು ದಾಟುವಲ್ಲಿ ಶಾಯಿ ದಟ್ಟವಾಗಿ, ಪೆನ್ನು ಎತ್ತಿದಲ್ಲಿ ಮೊನಚಾಗಿ ಇರುತ್ತದೆ. ನಕಲಿ ಮಾಡುವವರು ಅಕ್ಷರದ ಆಕಾರವನ್ನು ನೋಡಿ ನಿಧಾನವಾಗಿ ಬಿಡಿಸುವುದರಿಂದ ಗೆರೆಯಲ್ಲಿ ನಡುಕ ಕಾಣಿಸಿಕೊಳ್ಳುತ್ತದೆ. ನೂರಾರು ಸಲ ಸಹಿ ಹಾಕಿದ ಆಟಗಾರನ ಕೈಯಲ್ಲಿ ಆ ಅಳುಕಿರುವುದಿಲ್ಲ. ಒಬ್ಬರ ಎರಡು ಸಹಿಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತರೆ ಅದು ಯಂತ್ರದ ಕೆಲಸವೆಂದು ಅನುಮಾನಿಸಬೇಕು.

ಕಾಲವನ್ನೂ ಹೊಂದಿಸಿ ನೋಡಿ. ಬಾಲ್‌ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದು 1945ರಲ್ಲಿ. 1915ರಲ್ಲೇ ತೀರಿಕೊಂಡ ಆಸ್ಟ್ರೇಲಿಯಾದ ಕ್ರಿಕೆಟಿಗ ವಿಕ್ಟರ್ ಟ್ರಂಪರ್ ಅವರ ಸಹಿ ಬಾಲ್‌ಪೆನ್ನಿನಲ್ಲಿ ಇರಲಾರದು. ಶಾರ್ಪಿ ಎಂಬ ಹೆಸರಿನ ಪರ್ಮನೆಂಟ್ ಮಾರ್ಕರ್ ಬಂದದ್ದು 1964ರಲ್ಲಿ. 1948ರಲ್ಲಿ ನಿಧನರಾದ ಅಮೆರಿಕದ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಅವರ ಸಹಿ ಅದರಲ್ಲಿ ಇರಲಾರದು. ಪ್ರಮಾಣಪತ್ರವೆಂಬುದು ಅದನ್ನು ಕೊಟ್ಟವರ ಮಾತಿನಷ್ಟೇ ಗಟ್ಟಿ. 1990ರ ದಶಕದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನಡೆಸಿದ ‘ಆಪರೇಷನ್ ಬುಲ್‌ಪೆನ್’ ತನಿಖೆಯಲ್ಲಿ ಸಿಕ್ಕಿಬಿದ್ದ ಜಾಲವು ಸಹಿಗಳ ಜೊತೆಗೆ ಸುಳ್ಳು ಪ್ರಮಾಣಪತ್ರಗಳನ್ನೂ ಮಾರುತ್ತಿತ್ತು. ಮದರ್ ತೆರೇಸಾ ಅವರ ಹೆಸರಿನ ಸಹಿಯಿದ್ದ ಬೇಸ್‌ಬಾಲ್ ಕೂಡ ಅಲ್ಲಿ ಸಿಕ್ಕಿತ್ತು. ನಿಮಗೆ ಮಾರಿದವರನ್ನು, ಈ ಬ್ಯಾಟು ಯಾವ ಪಂದ್ಯದ ಸಮಯದಲ್ಲಿ, ಯಾರ ಮೂಲಕ ತಂಡದ ಕೈಗೆ ಹೋಯಿತೆಂದು ಕೇಳಿ. ಅದಕ್ಕೆ ಉತ್ತರವಿಲ್ಲದಿದ್ದರೆ ಪ್ರಮಾಣಪತ್ರದ ಹೊಳೆಯುವ ಅಂಟುಚೀಟಿಯನ್ನು ನಂಬಬೇಡಿ.

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳು ಎರಡು ಸಲ ಆಟಗಾರ್ತಿಯರ ಹತ್ತಿರ ಹೋಗಿ ಬರಿಗೈಯಲ್ಲಿ ಬಂದಳು. ಬಹಳ ಬೇಸರ ಮಾಡಿಕೊಂಡಿದ್ದಾಳೆ.

ಉತ್ತರ: ಪಂದ್ಯಕ್ಕೆ ಮೊದಲು ಆಟಗಾರರ ಮನಸ್ಸೆಲ್ಲ ಆಟದ ಮೇಲಿರುತ್ತದೆ; ಅಭ್ಯಾಸ ಮುಗಿಸಿ ಹೊರಡುವ ಹೊತ್ತಿಗೆ ಕಾಯಲಿ. ಪೆನ್ನಿನ ಮುಚ್ಚಳ ತೆಗೆದು, ಸಹಿ ಬೇಕಾದ ಜಾಗ ಮೇಲೆ ಬರುವಂತೆ ವಸ್ತುವನ್ನು ಗಟ್ಟಿ ಹಲಗೆಯ ಮೇಲೆ ಹಿಡಿದುಕೊಂಡು, ಆಟಗಾರ್ತಿಯನ್ನು ಹೆಸರು ಹಿಡಿದು ಮಾತಾಡಿಸಿ, ಒಂದೇ ಒಂದು ಸಹಿ ಕೇಳಲಿ. ಮಗಳ ಹೆಸರನ್ನೂ ಸೇರಿಸಿ ಬರೆದುಕೊಡುವಂತೆ ಕೇಳಿದರೆ ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ ಎನ್ನುವವರಿದ್ದಾರೆ. ಮಾರುವುದಕ್ಕಲ್ಲದೆ ಇಟ್ಟುಕೊಳ್ಳುವುದಕ್ಕೇ ಪಡೆಯುವ ಸಹಿಗೆ ಹೆಸರಿರುವುದೇ ಚೆಂದ. ಸಿಕ್ಕಿದ ರಾತ್ರಿಯೇ ದಿನಾಂಕ, ಮೈದಾನ, ಪಂದ್ಯ, ಆಡಿದ ಎರಡು ಮಾತು ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಅವಳ ಕೈಯಲ್ಲೇ ಬರೆಸಿ, ಆ ದಿನದ ಟಿಕೆಟ್ಟನ್ನು ಅದೇ ಪುಟದಲ್ಲಿ ಇಡಿಸಿ.