10ರ ಅನುಪಾತ ಬೇರೆ ಯಾವ ಸಂಖ್ಯೆಗೂ ಇಲ್ಲವೆಂದು ಹೇಳಬಹುದೇ?

ಒಂದು ಸಂಖ್ಯೆಯ ಎಲ್ಲ ಭಾಜಕಗಳ ಮೊತ್ತವನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ 6 ಮತ್ತು 28ಕ್ಕೆ 2, 30 ಮತ್ತು 140ಕ್ಕೆ 12/5 ಬರುತ್ತದೆ. ಆದರೆ 10ಕ್ಕೆ ಬರುವ 9/5 ಕಂಪ್ಯೂಟರಿನಲ್ಲಿ ಹುಡುಕಿದರೂ ಬೇರೆಲ್ಲೂ ಸಿಗಲಿಲ್ಲವಾದ್ದರಿಂದ 10 ಒಂಟಿಯೆಂದು ತೀರ್ಮಾನಿಸಬಹುದೇ ಎಂದು ಕೇಳಿದ್ದೀರಿ.

ಹುಡುಕಾಟದ ಬಲದಿಂದ ಹಾಗೆ ತೀರ್ಮಾನಿಸಲು ಬರುವುದಿಲ್ಲ. 24ರ ಅನುಪಾತ 5/2. ಅದನ್ನೇ ಹೊಂದಿರುವ ಇನ್ನೊಂದು ಸಂಖ್ಯೆ ಮೊದಲ ಬಾರಿಗೆ ಸಿಗುವುದು 9,19,63,648ರಲ್ಲಿ. ಒಂಬತ್ತು ಕೋಟಿಗೆ ಹುಡುಕಾಟ ನಿಲ್ಲಿಸಿದವರು 24ನ್ನೂ ಒಂಟಿಯೆಂದೇ ಭಾವಿಸುತ್ತಿದ್ದರು.

ಕೆಲವು ಸಂಖ್ಯೆಗಳ ಮಟ್ಟಿಗೆ ಹುಡುಕುವ ಅಗತ್ಯವೇ ಇಲ್ಲ. ಸಂಖ್ಯೆಗೂ ಅದರ ಭಾಜಕಗಳ ಮೊತ್ತಕ್ಕೂ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲದಿದ್ದರೆ ಅನುಪಾತದ ಛೇದ ಆ ಸಂಖ್ಯೆಯೇ ಆಗಿರುತ್ತದೆ. ಅದೇ ಅನುಪಾತವುಳ್ಳ ಬೇರೆ ಸಂಖ್ಯೆ ಇದರ ಗುಣಕವಾಗಿರಲೇಬೇಕು, ಆದರೆ ದೊಡ್ಡ ಗುಣಕದ ಅನುಪಾತ ಯಾವಾಗಲೂ ಹೆಚ್ಚು. ಹೀಗಾಗಿ ಅವಿಭಾಜ್ಯಗಳೂ ಅವುಗಳ ಘಾತಗಳೂ ಒಂಟಿ. 18ಕ್ಕೂ ಅದರ ಮೊತ್ತ 39ಕ್ಕೂ 3 ಸಾಮಾನ್ಯವಾಗಿದ್ದರೂ ಅದು ಒಂಟಿಯೆಂದು ಬೇರೆ ದಾರಿಯಿಂದ ಸಾಧಿಸಬಹುದು.

10ಕ್ಕೂ ಅದರ ಭಾಜಕಗಳ ಮೊತ್ತವಾದ 18ಕ್ಕೂ 2 ಸಾಮಾನ್ಯವಾದ್ದರಿಂದ ಮೇಲಿನ ವಾದ ಇಲ್ಲಿ ನಡೆಯದು. ಆದರೂ 10ರ ಜೊತೆಗಾರ ಇದ್ದರೆ ಹೇಗಿರಬೇಕೆಂದು ಸಾಕಷ್ಟು ಹೇಳಬಹುದು, ನನಗೆ ಈ ಪ್ರಶ್ನೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ. ಅದನ್ನು 5 ಭಾಗಿಸಲೇಬೇಕು. ಸಮಸಂಖ್ಯೆಯಾದರೆ ಅದು 10ರ ಗುಣಕವಾಗಿ ಅನುಪಾತ 9/5ನ್ನು ಮೀರುತ್ತದೆ, ಆದ್ದರಿಂದ ಅದು ಬೆಸ. ಆಗ ಭಾಜಕಗಳ ಮೊತ್ತವೂ ಬೆಸವಾಗುತ್ತದೆ. ಬೆಸಸಂಖ್ಯೆಯೊಂದರಲ್ಲಿ ಇದು ಸಾಧ್ಯವಾಗುವುದು ಅದು ಪೂರ್ಣ ವರ್ಗವಾಗಿದ್ದಾಗ ಮಾತ್ರ. ಇನ್ನು 3 ಅದನ್ನು ಭಾಗಿಸಬಹುದೇ? 3ರ ಘಾತ 4 ಅಥವಾ ಹೆಚ್ಚಾದರೂ, 5ರ ಘಾತ 4 ಅಥವಾ ಹೆಚ್ಚಾದರೂ ಅನುಪಾತ 1.8ನ್ನು ದಾಟುತ್ತದೆ. ಎರಡೂ ವರ್ಗಕ್ಕೇ ನಿಂತರೆ 403/225, ಅಂದರೆ ಸುಮಾರು 1.791, ಕೂದಲೆಳೆಯಷ್ಟು ಕಡಿಮೆ. ಆದರೆ 9ರ ಭಾಜಕಗಳ ಮೊತ್ತ 13 ಆದುದರಿಂದ 13 ಕೂಡ ಆ ಸಂಖ್ಯೆಯನ್ನು ಭಾಗಿಸಬೇಕಾಗುತ್ತದೆ, ಅದು ಸೇರಿದೊಡನೆ ಅನುಪಾತ 1.9ನ್ನೂ ಮೀರುತ್ತದೆ. ಆದ್ದರಿಂದ ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ 5.

ಇಷ್ಟು ಕಟ್ಟುಪಾಡುಗಳಿದ್ದರೂ ಅಂಥ ಸಂಖ್ಯೆಯೊಂದು ಸಿಕ್ಕಿಲ್ಲ, ಇಲ್ಲವೆಂದೂ ಸಾಧಿತವಾಗಿಲ್ಲ. ಹುಡುಕಾಟ ಮುಂದುವರಿಸುವಿರಾದರೆ ಎಲ್ಲ ಸಂಖ್ಯೆಗಳನ್ನೂ ಪರೀಕ್ಷಿಸುವ ಬದಲು 25ರ ಗುಣಕಗಳಾದ, 3ರಿಂದ ಭಾಗವಾಗದ ಬೆಸ ವರ್ಗಗಳನ್ನಷ್ಟೇ ನೋಡಿ.