ವಿವೇಕ ಶಾನಭಾಗರನ್ನು ಮೊದಲ ಸಲ ಓದುವವರಿಗೆ ಯಾವ ಪುಸ್ತಕ ಕೊಡಲಿ?

‘ಘಾಚರ್ ಘೋಚರ್’ ಕೊಡಿ. ಪುಟ್ಟ ಪುಸ್ತಕ, ಒಂದು ಭಾನುವಾರ ಸಾಕು. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದು, ಇಕ್ಕಟ್ಟಿನ ಮನೆಯಿಂದ ದೊಡ್ಡ ಮನೆಗೆ ಬಂದ ಬೆಂಗಳೂರಿನ ಕುಟುಂಬವೊಂದು ಒಳಗೊಳಗೇ ಬದಲಾಗುವ ಕಥೆ. ಓದುಗರನ್ನು ಹಿಡಿದಿಡುವುದು ಅದರ ನಿರೂಪಕ: ಅವನು ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು, ಆ ಜಾಗವನ್ನು ನಾವೇ ತುಂಬಿಕೊಳ್ಳಬೇಕು. ಹಳೆಯ ಮನೆಯಲ್ಲಿ ಇರುವೆಗಳ ಮೇಲೆ ಇವರು ಸಾರುವ ಯುದ್ಧವನ್ನು ನಿಧಾನವಾಗಿ ಓದಲು ಹೇಳಿ. ಆ ಕ್ರೌರ್ಯದ ನೆರಳು ಮುಂದೆಯೂ ಬೀಳುತ್ತದೆ. ಕೊನೆಯನ್ನು ಮಾತ್ರ ದಯವಿಟ್ಟು ಹೇಳಬೇಡಿ. ಅಲ್ಲಿ ಏನನ್ನೂ ಬಿಡಿಸಿ ಹೇಳಿಲ್ಲ, ನೀವು ಬಾಯಿಬಿಟ್ಟರೆ ಓದುವವರಿಗೆ ಊಹಿಸಲು ಏನೂ ಉಳಿಯದು. ಶೀರ್ಷಿಕೆಗೆ ನಿಘಂಟು ಹುಡುಕುವುದೂ ಬೇಡ: ಬಿಡಿಸಲಾರದ ಸಿಕ್ಕಿಗೆ ಒಂದು ಮನೆಯವರು ಕಟ್ಟಿಕೊಂಡ ಮಾತು ಅದು. ಕನ್ನಡ ಓದಲು ಬಾರದ ಗೆಳೆಯರಿಗೆ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದವಿದೆ.